ಅಪ್‌ಡೇಟ್ ಪದೇ ಪದೇ ಕೈಕೊಟ್ಟರೂ ಫಾರ್ಮ್ಯಾಟ್ ಬೇಡ

“ಫಾರ್ಮ್ಯಾಟ್ ಹೊಡೀಬೇಕ್ರಿ, ಬೇರೆ ದಾರಿ ಇಲ್ಲ.” ವಿಂಡೋಸ್ ಅಪ್‌ಡೇಟ್ ಆಗುತ್ತಿಲ್ಲ ಎಂದು ಕೊಟ್ಟೂರಿನಲ್ಲಿ ಕೇಳಿದರೂ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಲ್ಲಿ ಕೇಳಿದರೂ ಮೊದಲು ಸಿಗುವ ಉತ್ತರ ಸಾಮಾನ್ಯವಾಗಿ ಇದೇ. ಹೇಳುವವರದು ಕೆಟ್ಟ ಉದ್ದೇಶವೇನಲ್ಲ. ರಿಪೇರಿ ಮಾಡುವವರಿಗೆ ಅದು ಕೈಗೆ ಕೂತ ಕೆಲಸ, ಬೇಗ ಮುಗಿಯುತ್ತದೆ. ಕಂಪ್ಯೂಟರ್ ಇಟ್ಟುಕೊಂಡವರಿಗೆ ಮಾತ್ರ ಅದರ ಬೆಲೆ ಆಮೇಲೆ ಗೊತ್ತಾಗುತ್ತದೆ. ನುಡಿಯ ಹಳೆಯ ಫಾಂಟ್‌ಗಳು ಹೋಗಿರುತ್ತವೆ. ಟ್ಯಾಲಿಯ ಲೆಕ್ಕ ಯಾವ ಫೋಲ್ಡರಿನಲ್ಲಿತ್ತೆಂದು ನೆನಪಾಗುವ ಹೊತ್ತಿಗೆ ಆ ಫೋಲ್ಡರೇ ಇರುವುದಿಲ್ಲ. ಬೆರಳಚ್ಚು ಸ್ಕ್ಯಾನರಿನ ಡ್ರೈವರ್ ಮತ್ತೆ ಹುಡುಕಬೇಕು. ಇಷ್ಟೆಲ್ಲ ಆದ ಮೇಲೂ ಮುಂದಿನ ತಿಂಗಳ ಅಪ್‌ಡೇಟ್ ಅದೇ ಜಾಗದಲ್ಲಿ ನಿಲ್ಲಬಹುದು. ಯಾಕೆಂದರೆ ತೊಂದರೆ ವಿಂಡೋಸಿನಲ್ಲಿ ಇಲ್ಲದೆ ಹಾರ್ಡ್ ಡಿಸ್ಕಿನಲ್ಲೋ ಕರೆಂಟಿನಲ್ಲೋ ಮದರ್‌ಬೋರ್ಡಿನ ಪುಟ್ಟ ಸೆಲ್ಲಿನಲ್ಲೋ ಇರಬಹುದು.

ಅಪ್‌ಡೇಟ್ ಸೋಲುವುದು ಮೂರು ಕಡೆ: ಇಳಿಯುವಾಗ, ಇನ್‌ಸ್ಟಾಲ್ ಆಗುವಾಗ, ರೀಸ್ಟಾರ್ಟ್ ಆಗುವಾಗ. ಎಲ್ಲಿ ಸೋತಿತೆಂದು ನೋಡಿಕೊಂಡರೆ ಅರ್ಧ ಕಾರಣ ಸಿಕ್ಕಂತೆ. ಇನ್ನರ್ಧ ಕಂಪ್ಯೂಟರೇ ಬರೆದಿಟ್ಟಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ‘ಅಪ್‌ಡೇಟ್ ಹಿಸ್ಟರಿ’ ಒತ್ತಿದರೆ ಸೋತ ಪ್ರತಿ ಅಪ್‌ಡೇಟಿನ ಹೆಸರು, ಕೆಬಿ ಎಂದು ಶುರುವಾಗುವ ಒಂದು ಸಂಖ್ಯೆ, ಮತ್ತು 0ಎಕ್ಸ್ ಎಂದು ಶುರುವಾಗುವ ಒಂದು ಕೋಡ್ ಕಾಣುತ್ತದೆ. ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ‘ರೀಟ್ರೈ’ ಒತ್ತುತ್ತಲೇ ಇರುವುದರಿಂದ ಡೇಟಾ ಖರ್ಚಾಗುತ್ತದೆಯೇ ಹೊರತು ಕಾರಣ ಬದಲಾಗುವುದಿಲ್ಲ.

ಇಷ್ಟೆಲ್ಲ ಯಾಕೆ, ಅಪ್‌ಡೇಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದಲ್ಲ ಎನ್ನುವವರಿದ್ದಾರೆ. ಅವರಿಗೆ 2017ರ ವಾನಾಕ್ರೈ ನೆನಪಿಸಬೇಕು. ಆ ವರ್ಷದ ಮೇ 12ರಂದು ಹಬ್ಬಲು ಶುರುವಾದ ಅದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳ ಮೊದಲೇ ಬಂದಿದ್ದ ಅಪ್‌ಡೇಟ್ ಹಾಕಿಕೊಂಡವರು ಉಳಿದರು. ನಮ್ಮ ಊರುಗಳ ಆನ್‌ಲೈನ್ ಸೇವೆಯ ಅಂಗಡಿ, ಗ್ರಾಮ ಒನ್ ಕೇಂದ್ರಗಳ ಕಂಪ್ಯೂಟರಿನಲ್ಲಿರುವುದು ಒಬ್ಬರ ಫೈಲಲ್ಲ. ಸುತ್ತಲಿನ ಹಳ್ಳಿಗಳವರ ಆಧಾರ್, ಪಹಣಿ, ಪಾಸ್‌ಬುಕ್ಕಿನ ಪ್ರತಿಗಳೆಲ್ಲ ಅಲ್ಲಿರುತ್ತವೆ. ಅವರು ನಂಬಿ ಕೊಟ್ಟ ಕಾಗದಗಳಿಗಾಗಿಯಾದರೂ ಆ ಯಂತ್ರ ಗಟ್ಟಿಯಾಗಿರಬೇಕು.

ಬಾಗಿಲು ಹಾಕಿದವರು ಯಾರು

ಕೋಡ್ ಹಿಡಿದು ಹೊರಡುವ ಮೊದಲು ಒಂದು ಅನುಮಾನ ಪರಿಹರಿಸಿಕೊಳ್ಳಿ: ಅಪ್‌ಡೇಟ್ ತಾನಾಗಿ ಸೋಲುತ್ತಿದೆಯೋ, ಯಾರಾದರೂ ಅದನ್ನು ಬೇಕೆಂದೇ ತಡೆದಿದ್ದಾರೋ?

ತಡೆದಿದ್ದರೆ ಅದಕ್ಕೊಂದು ಚರಿತ್ರೆ ಇರುತ್ತದೆ. 2021ರ ಸೆಪ್ಟೆಂಬರ್ 14ರ ಅಪ್‌ಡೇಟ್ ಆದ ಮೇಲೆ ಒಂದು ಕಂಪ್ಯೂಟರಿಗೆ ಜೋಡಿಸಿ ಹಂಚಿಕೊಂಡಿದ್ದ ಪ್ರಿಂಟರುಗಳು ಎಷ್ಟೋ ಕಡೆ ಒಮ್ಮೆಲೇ ನಿಂತವು; ಪರದೆಯ ಮೇಲೆ 0ಎಕ್ಸ್0000011ಬಿ ಎಂಬ ಕೋಡ್. ಜೆರಾಕ್ಸ್ ಅಂಗಡಿಗೆ ಪ್ರಿಂಟರ್ ನಿಂತರೆ ದಿನದ ದುಡಿಮೆಯೇ ನಿಂತಂತೆ. ಅನೇಕರು ಆ ಅಪ್‌ಡೇಟನ್ನೇ ಕಿತ್ತುಹಾಕಿ, ಮುಂದೆಯೂ ಬರದಂತೆ ವಿಂಡೋಸ್ ಅಪ್‌ಡೇಟ್ ಸರ್ವಿಸನ್ನೇ ಮುಚ್ಚಿಸಿದರು. ನಿಜವಾದ ಕಾರಣ ಬೇರೆ ಇತ್ತು. ಮುದ್ರಣದ ಕೆಲಸವನ್ನು ಎರಡು ಕಂಪ್ಯೂಟರುಗಳ ನಡುವೆ ಹೆಚ್ಚು ಭದ್ರವಾಗಿ ಕಳಿಸುವ ನಿಯಮ ಅಂದು ಕಡ್ಡಾಯವಾಗಿತ್ತು. ಒಂದರಲ್ಲಿ ಹೊಸ ನಿಯಮ, ಇನ್ನೊಂದರಲ್ಲಿ ಹಳೆಯದು ಇದ್ದಾಗ ಅವು ಒಂದನ್ನೊಂದು ಒಪ್ಪಲಿಲ್ಲ. ಎರಡಕ್ಕೂ ಅಪ್‌ಡೇಟ್ ಹಾಕುವುದು ಪರಿಹಾರವಾಗಿತ್ತು. ಎರಡರಿಂದಲೂ ತೆಗೆಯುವುದು ರೂಢಿಯಾಯಿತು.

ಹಾಗಾಗಿ ನೋಡಿ: ವಿಂಡೋಸಿನ ಹುಡುಕು ಪೆಟ್ಟಿಗೆಯಲ್ಲಿ ‘ಸರ್ವಿಸಸ್’ ಎಂದು ಬರೆದು ತೆರೆದರೆ ಉದ್ದದ ಪಟ್ಟಿ ಬರುತ್ತದೆ. ಕೆಳಗೆ ‘ವಿಂಡೋಸ್ ಅಪ್‌ಡೇಟ್’ ಎದುರು ‘ಡಿಸೇಬಲ್ಡ್’ ಎಂದಿದ್ದರೆ ಅದನ್ನು ‘ಮ್ಯಾನುಯಲ್’ ಮಾಡಿ. ಅಪ್‌ಡೇಟ್ ಪುಟದ ಮೇಲ್ಭಾಗದಲ್ಲಿ ಕೆಲವು ಸೆಟ್ಟಿಂಗುಗಳನ್ನು ‘ನಿಮ್ಮ ಸಂಸ್ಥೆ’ ನಿಯಂತ್ರಿಸುತ್ತಿದೆ ಎಂಬ ಸಾಲು ಸ್ವಂತ ಕಂಪ್ಯೂಟರಿನಲ್ಲೇ ಕಂಡರೆ, ಯಾರೋ ಯಾವುದೋ ತಡೆಯುವ ಸಾಫ್ಟ್‌ವೇರ್ ಓಡಿಸಿದ್ದಾರೆ ಎಂದು ಶಂಕಿಸಬೇಕು. ಕದ್ದ ವಿಂಡೋಸನ್ನು ಅಸಲಿ ಎಂದು ತೋರಿಸುವ ಆ್ಯಕ್ಟಿವೇಟರುಗಳು ಇದರ ಜೊತೆಗೆ ವಿಂಡೋಸಿನ ಸ್ವಂತ ಆ್ಯಂಟಿವೈರಸ್ ಆದ ಡಿಫೆಂಡರನ್ನೂ ಆರಿಸಿಬಿಡುವುದುಂಟು. ಅಂಥ ಯಂತ್ರದಲ್ಲಿ ಮುಂದಿನ ಯಾವ ಉಪಾಯವೂ ನಿಲ್ಲುವುದಿಲ್ಲ. ಲೈಸೆನ್ಸ್ ಇರುವ ವಿಂಡೋಸನ್ನು ಹೊಸದಾಗಿ ಹಾಕಿಸಬೇಕಾದ ಒಂದು ಸಂದರ್ಭ ಅದು.

ಇಳಿಯುವಾಗಲೇ ನಿಂತರೆ

ಇಲ್ಲಿ ನಮ್ಮ ಭಾಗದ ಕಾರಣಗಳೇ ಹೆಚ್ಚು. ಬ್ರಾಡ್‌ಬ್ಯಾಂಡ್ ಇಲ್ಲದ ಕಡೆ ಮೊಬೈಲ್ ಹಾಟ್‌ಸ್ಪಾಟ್ ಹಿಡಿದೇ ಕೆಲಸ. ದಿನದ ಒಂದೂವರೆ ಅಥವಾ ಎರಡು ಜಿಬಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ದೊಡ್ಡ ಅಪ್‌ಡೇಟ್ ಇಳಿಯುವುದು ಆಗದ ಮಾತು. ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದ್ದರಂತೂ ವಿಂಡೋಸ್ ಹೆಚ್ಚಿನ ಅಪ್‌ಡೇಟುಗಳನ್ನು ತಾನಾಗಿ ಇಳಿಸುವುದೇ ಇಲ್ಲ. ಕೊಟ್ಟೂರೇಶ್ವರನ ತೇರಿನ ದಿನಗಳಲ್ಲಿ, ಪಾದಯಾತ್ರೆಯ ಜನ ಲಕ್ಷಗಟ್ಟಲೆ ಸೇರಿ ಎಲ್ಲರ ಮೊಬೈಲೂ ಒಂದೇ ಕಡೆ ಇರುವಾಗ, ಮೊಬೈಲ್ ನೆಟ್ ನಂಬಿ ದೊಡ್ಡ ಡೌನ್‌ಲೋಡಿಗೆ ಕೈಹಾಕಬೇಡಿ. ಹಡಗಲಿ ಕಡೆಯವರಿಗೆ ಮೈಲಾರದ ಕಾರಣಿಕದ ದಿನಗಳಲ್ಲೂ ಇದೇ ಮಾತು.

ಇದಕ್ಕೆ ಒಳ್ಳೆಯ ದಾರಿಯಿದೆ, ಬಳಸುವವರು ಕಡಿಮೆ. ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ಅಧಿಕೃತ ತಾಣದಲ್ಲಿ ಕೆಬಿ ಸಂಖ್ಯೆ ಹುಡುಕಿದರೆ ಆ ಅಪ್‌ಡೇಟಿನ ಫೈಲ್ ನೇರವಾಗಿ ಸಿಗುತ್ತದೆ. ಒಳ್ಳೆಯ ನೆಟ್ ಇರುವ ಜಾಗದಲ್ಲಿ, ಹೊಸಪೇಟೆಯ ನೆಂಟರ ಮನೆಯಲ್ಲೇ ಆಗಲಿ, ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದು ಎರಡು ಸಲ ಒತ್ತಿದರೆ ಇನ್‌ಸ್ಟಾಲ್ ಶುರುವಾಗುತ್ತದೆ. ಒಂದೇ ಎಚ್ಚರಿಕೆ: ವಿಂಡೋಸಿನ ಆವೃತ್ತಿ ಯಾವುದು, 32 ಬಿಟ್ಟೋ 64 ಬಿಟ್ಟೋ ಎಂದು ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ಮೊದಲೇ ನೋಡಿಕೊಂಡು ಹೋಗಿ. ಹತ್ತಾರು ಕಂಪ್ಯೂಟರುಗಳಿರುವ ತರಬೇತಿ ಕೇಂದ್ರ, ಶಾಲೆ, ಕಾಲೇಜುಗಳು ‘ಡೆಲಿವರಿ ಆಪ್ಟಿಮೈಸೇಷನ್’ ಎಂಬ ಸೆಟ್ಟಿಂಗನ್ನು ಸ್ಥಳೀಯ ನೆಟ್‌ವರ್ಕಿಗೆ ತೆರೆದಿಟ್ಟರೆ, ಒಂದು ಕಂಪ್ಯೂಟರಿಗೆ ಇಳಿದದ್ದನ್ನು ಉಳಿದವು ಅದರಿಂದಲೇ ಪಡೆಯುತ್ತವೆ.

ಇನ್ನೊಂದು ಕಾರಣ ತೀರ ಸಣ್ಣದು. ಹಳೆಯ ಡೆಸ್ಕ್‌ಟಾಪಿನಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದೆಯೇ? ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ. ದಿನಾಂಕ ತಪ್ಪಿದ್ದರೆ ವಿಂಡೋಸಿಗೆ ಮೈಕ್ರೋಸಾಫ್ಟಿನ ಸರ್ವರಿನ ಭದ್ರತಾ ಪ್ರಮಾಣಪತ್ರವೇ ಸುಳ್ಳೆನಿಸಿ ಸಂಪರ್ಕ ಕಡಿದುಕೊಳ್ಳುತ್ತದೆ. ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ಆ ಸೆಲ್ ಬದಲಿಸಿ, ದಿನಾಂಕ ಸರಿಮಾಡಿ. ಬ್ಯಾಂಕಿನ ತಾಣಗಳು ತೆರೆಯುತ್ತಿಲ್ಲ ಎಂಬ ತೊಂದರೆಯೂ ಅದರ ಜೊತೆಗೇ ಹೋಗಬಹುದು.

ಇನ್‌ಸ್ಟಾಲ್ ಆಗುವಾಗ ಸೋತರೆ

ಮೊದಲು ಜಾಗ. 0ಎಕ್ಸ್80070070 ಎಂದರೆ ಡಿಸ್ಕ್ ತುಂಬಿದೆ ಎಂದೇ ಅರ್ಥ. ತಿಂಗಳ ಅಪ್‌ಡೇಟಿಗೂ ಸಿ ಡ್ರೈವಿನಲ್ಲಿ ಹತ್ತು ಜಿಬಿಯಾದರೂ ಖಾಲಿ ಇರಲಿ. ಹೊಸ ಆವೃತ್ತಿಗೆ ಏರುವುದಾದರೆ ಇಪ್ಪತ್ತಕ್ಕೂ ಮೇಲೆ. ಸೆಟ್ಟಿಂಗ್ಸ್‌ನ ‘ಸ್ಟೋರೇಜ್’ನಲ್ಲಿ ‘ಟೆಂಪೊರರಿ ಫೈಲ್ಸ್’ ತೆರೆದು ಹಳೆಯ ಅಪ್‌ಡೇಟಿನ ಉಳಿಕೆಗಳನ್ನು ಅಳಿಸಬಹುದು. ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ಅದಕ್ಕೆ ಗುರುತು ಹಾಕಿದರೆ ಗ್ರಾಹಕರಿಗೆ ಇಳಿಸಿಕೊಟ್ಟ ಪಹಣಿ, ಹಾಲ್ ಟಿಕೆಟ್, ಅರ್ಜಿಗಳೆಲ್ಲ ಒಟ್ಟಿಗೇ ಹೋಗುತ್ತವೆ. ಹಾಗೆಯೇ ವಿಂಡೋಸ್ ಫೋಲ್ಡರಿನೊಳಗಿನ ಯಾವುದನ್ನೂ ‘ದೊಡ್ಡದಾಗಿದೆ’ ಎಂದು ಕೈಯಿಂದ ಅಳಿಸಬೇಡಿ.

ಜಾಗ ಸಾಕಷ್ಟಿದ್ದರೂ ಸೋಲುವ ಒಂದು ಪ್ರಕರಣವನ್ನು ಬಿಡಿಸಿ ಹೇಳಬೇಕು. ಜಗತ್ತಿನ ತುಂಬ ಜನರನ್ನು ತಿಂಗಳುಗಟ್ಟಲೆ ಕಾಡಿದ್ದು ಅದು. 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಕೆಬಿ5034441 ಬಂತು. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಪ್ರತಿ ಸಲವೂ 0ಎಕ್ಸ್80070643 ತೋರಿಸಿ ಸೋಲುತ್ತಿತ್ತು. ಸಿ ಡ್ರೈವಿನಲ್ಲಿ ನೂರು ಜಿಬಿ ಖಾಲಿ ಇದ್ದರೂ ಅದೇ ಗತಿ. ಯಾಕೆಂದರೆ ಅಪ್‌ಡೇಟ್ ಹೋಗಬೇಕಾಗಿದ್ದು ಸಿ ಡ್ರೈವಿಗಲ್ಲ. ಕಂಪ್ಯೂಟರ್ ಚಾಲೂ ಆಗದಿದ್ದಾಗ ನೆರವಿಗೆ ಬರುವ ರಿಕವರಿ ಎಂಬ ಸಣ್ಣ ಭಾಗವೊಂದು ಡಿಸ್ಕಿನಲ್ಲಿ ಕಣ್ಣಿಗೆ ಕಾಣದಂತೆ ಇರುತ್ತದೆ. ಅದರಲ್ಲಿ 250 ಎಂಬಿ ಖಾಲಿ ಬೇಕಿತ್ತು; ಹಳೆಯ ಯಂತ್ರಗಳಲ್ಲಿ ಆ ಭಾಗವನ್ನೇ ಅಷ್ಟು ದೊಡ್ಡದಾಗಿ ಮಾಡಿರಲಿಲ್ಲ. ‘ಜಾಗ ಸಾಲದು’ ಎನ್ನಬೇಕಿದ್ದ ಸಂದೇಶದ ಬದಲು ಅರ್ಥವಾಗದ ಕೋಡ್ ಬರುತ್ತಿತ್ತು. ಭಾಗವನ್ನು ದೊಡ್ಡದು ಮಾಡುವ ಆಜ್ಞೆಗಳನ್ನು ಮೈಕ್ರೋಸಾಫ್ಟ್ ಪ್ರಕಟಿಸಿತಾದರೂ ಅವನ್ನು ಒಂದಕ್ಷರ ತಪ್ಪಿ ಬರೆದರೆ ಡಿಸ್ಕಿಗೇ ಕುತ್ತು. ಕೊನೆಗೆ 2024ರ ಆಗಸ್ಟಿನಲ್ಲಿ ಬಂದ ಕೆಬಿ5042320 ಅದರ ಜಾಗ ತೆಗೆದುಕೊಂಡಿತು. ಜಾಗವಿಲ್ಲದ ಕಂಪ್ಯೂಟರಿಗೆ ಅದನ್ನು ಕೊಡುವುದನ್ನೇ ನಿಲ್ಲಿಸಲಾಯಿತು.

2025ರ ಏಪ್ರಿಲ್‌ನಲ್ಲಿ ಅದೇ 0ಎಕ್ಸ್80070643 ಮತ್ತೆ ಕಾಣಿಸಿತು, ಕೆಬಿ5057589 ಎಂಬ ಬೇರೆ ಅಪ್‌ಡೇಟಿನ ಜೊತೆ. ಈ ಸಲ ಅಪ್‌ಡೇಟ್ ಸಾಮಾನ್ಯವಾಗಿ ರೀಸ್ಟಾರ್ಟ್ ಆದ ಮೇಲೆ ಸರಿಯಾಗಿ ಮುಗಿಯುತ್ತದೆ, ಸಂದೇಶವನ್ನು ಕಡೆಗಣಿಸಬಹುದು ಎಂದು ಮೈಕ್ರೋಸಾಫ್ಟೇ ಹೇಳಿತು. ಅದಕ್ಕೇ ಬರೀ ಕೋಡ್ ನೋಡಿ ನಿರ್ಧರಿಸಬಾರದು. ಕೆಬಿ ಸಂಖ್ಯೆ ಮತ್ತು ಕೋಡ್ ಎರಡನ್ನೂ ಜೋಡಿಸಿ ಹುಡುಕಬೇಕು. ಈ ಎರಡು ಅಪ್‌ಡೇಟುಗಳ ಹೆಸರಲ್ಲಿ ಫಾರ್ಮ್ಯಾಟ್ ಮಾಡಿಸಿಕೊಂಡವರೆಲ್ಲ ಸುಮ್ಮನೆ ಮಾಡಿಸಿಕೊಂಡರು ಎನ್ನುವಾಗ ನನಗೆ ಸಂಕಟವಾಗುತ್ತದೆ.

0ಎಕ್ಸ್80073712 ಎಂದರೆ ವಿಂಡೋಸಿನ ಸ್ವಂತ ಫೈಲುಗಳೇ ಕೆಟ್ಟಿವೆ. ಅವುಗಳ ದುರಸ್ತಿಗೆ ವಿಂಡೋಸಿನೊಳಗೇ ಸಾಧನವಿದೆ. ಹುಡುಕು ಪೆಟ್ಟಿಗೆಯಲ್ಲಿ ‘ಕಮಾಂಡ್ ಪ್ರಾಂಪ್ಟ್’ ಹುಡುಕಿ, ಬಲಗುಂಡಿ ಒತ್ತಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ಬರುವ ಕಪ್ಪು ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಟೈಪ್ ಮಾಡಬೇಕು: ಡಿ, ಐ, ಎಸ್, ಎಂ ನಾಲ್ಕಕ್ಷರ, ಒಂದು ಸ್ಪೇಸ್ ಬಿಟ್ಟು ಓರೆಗೆರೆ (/) ಮತ್ತು ಆನ್‌ಲೈನ್, ಮತ್ತೆ ಸ್ಪೇಸ್, ಓರೆಗೆರೆ, ಕ್ಲೀನಪ್-ಇಮೇಜ್, ನಡುವೆ ಅಡ್ಡಗೆರೆ, ಮತ್ತೆ ಸ್ಪೇಸ್, ಓರೆಗೆರೆ, ರಿಸ್ಟೋರ್‌ಹೆಲ್ತ್, ನಡುವೆ ಜಾಗವಿಲ್ಲದೆ. ಎಂಟರ್ ಒತ್ತಿ ಬಿಡಿ. ಇದು ಸರಿಯಾದ ಫೈಲುಗಳನ್ನು ನೆಟ್‌ನಿಂದ ತರಿಸಿಕೊಳ್ಳುತ್ತದೆ, ಹಾಗಾಗಿ ಸಂಪರ್ಕ ಇರಬೇಕು. ಶೇಕಡಾವಾರು ಲೆಕ್ಕ ಒಂದೇ ಅಂಕಿಯಲ್ಲಿ ಬಹಳ ಹೊತ್ತು ನಿಂತರೂ ಕಿಟಕಿ ಮುಚ್ಚಬೇಡಿ. ಮುಗಿದ ಮೇಲೆ ಎಸ್, ಎಫ್, ಸಿ ಮೂರಕ್ಷರ, ಸ್ಪೇಸ್, ಓರೆಗೆರೆ, ಸ್ಕ್ಯಾನ್‌ನೌ ಎಂದು ಒಂದೇ ಪದವಾಗಿ ಟೈಪ್ ಮಾಡಿ. ಈ ಎರಡರಿಂದ ನಿಮ್ಮ ಫೈಲಿಗೂ ಫಾಂಟಿಗೂ ಏನೂ ಆಗುವುದಿಲ್ಲ.

ಇಳಿದ ಫೈಲೇ ಅರೆಬರೆಯಾಗಿದ್ದರೆ ಅದೇ ಹಳಸಿದ ಪ್ರತಿಯನ್ನು ವಿಂಡೋಸ್ ಮತ್ತೆ ಮತ್ತೆ ಹಾಕಲು ನೋಡುತ್ತದೆ. ಆಗ ಸರ್ವಿಸಸ್ ಪಟ್ಟಿಯಲ್ಲಿ ‘ವಿಂಡೋಸ್ ಅಪ್‌ಡೇಟ್’ ಮತ್ತು ‘ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್’ ಎರಡನ್ನೂ ನಿಲ್ಲಿಸಿ, ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ‘ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್’ ಫೋಲ್ಡರಿನ ಹೆಸರಿನ ಕೊನೆಗೆ ‘ಓಲ್ಡ್’ ಎಂದು ಸೇರಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ವಿಂಡೋಸ್ ಹೊಸ ಫೋಲ್ಡರ್ ಮಾಡಿಕೊಂಡು ಮೊದಲಿನಿಂದ ಇಳಿಸುತ್ತದೆ. 0ಎಕ್ಸ್80070020 ಬಂದರೆ ಬೇಕಾದ ಫೈಲನ್ನು ಇನ್ನೊಂದು ಪ್ರೋಗ್ರಾಂ ಹಿಡಿದಿಟ್ಟುಕೊಂಡಿದೆ ಎಂದರ್ಥ. ಅದು ಬಹುಮಟ್ಟಿಗೆ ಬೇರೆ ಕಂಪನಿಯ ಆ್ಯಂಟಿವೈರಸ್. ತಾತ್ಕಾಲಿಕವಾಗಿ ಅದನ್ನು ತೆಗೆದು ಅಪ್‌ಡೇಟ್ ಮುಗಿಸಿ.

ಏನು ಮಾಡಿದರೂ ಫೈಲುಗಳು ಮತ್ತೆ ಮತ್ತೆ ಕೆಡುತ್ತಿದ್ದರೆ ಡಿಸ್ಕನ್ನೇ ಪರೀಕ್ಷಿಸಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಡಿಸ್ಕಿನ ಆರೋಗ್ಯ ತೋರಿಸುತ್ತದೆ. ‘ಕಾಷನ್’ ಅಥವಾ ‘ಬ್ಯಾಡ್’ ಎಂದರೆ ಅಪ್‌ಡೇಟಿನ ಯೋಚನೆ ಬಿಟ್ಟು ಅಂದೇ ಫೈಲುಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ.

ರೀಸ್ಟಾರ್ಟ್ ಆಗುವಾಗ ಹಿಂದಕ್ಕೆ ಹೋದರೆ

ನೂರಕ್ಕೆ ತೊಂಬತ್ತಾರರ ತನಕ ಹೋಗಿ, ‘ಅನ್‌ಡೂಯಿಂಗ್ ಚೇಂಜಸ್’ ಎಂದು ಬರುವುದು ಎಲ್ಲಕ್ಕಿಂತ ನಿರಾಸೆ ತರುವಂಥದ್ದು. ಆ ಸಾಲು ಕಂಡಾಗ ಸ್ವಿಚ್ ಆರಿಸಲೇಬೇಡಿ. ವಿಂಡೋಸ್ ಹಳೆಯ ಸ್ಥಿತಿಗೆ ತನ್ನನ್ನು ತಾನೇ ಮರಳಿಸಿಕೊಳ್ಳುತ್ತಿರುತ್ತದೆ. ನಡುವೆ ಕರೆಂಟು ತೆಗೆದರೆ ಆಗ ನಿಜಕ್ಕೂ ಫಾರ್ಮ್ಯಾಟಿನ ಮಾತು ಬರುತ್ತದೆ. ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರದಲ್ಲಿ ಇದು ತಾಸುಗಟ್ಟಲೆ ಹಿಡಿಯಬಹುದು, ಅಂಗಡಿಯ ಸಾಮಾನ್ಯ ಯುಪಿಎಸ್ ಅಷ್ಟು ಹೊತ್ತು ತಾಳುವುದಿಲ್ಲ. ಪತ್ರಿಕೆಯಲ್ಲಿ ಜೆಸ್ಕಾಂನವರ ವಿದ್ಯುತ್ ವ್ಯತ್ಯಯದ ಪ್ರಕಟಣೆ ಬಂದ ದಿನ ಅಪ್‌ಡೇಟಿಗೆ ಕೈಹಾಕಬೇಡಿ. ಇನ್ವರ್ಟರ್ ಇದ್ದರೆ ಕಂಪ್ಯೂಟರನ್ನು ಅದಕ್ಕೆ ಜೋಡಿಸಿ.

ಬೆರಳಚ್ಚು ಸ್ಕ್ಯಾನರ್, ವೆಬ್‌ಕ್ಯಾಮ್, ಪ್ರಿಂಟರ್, ಪೆನ್‌ಡ್ರೈವ್, ಡಾಂಗಲ್ ಎಲ್ಲ ಕಿತ್ತಿಟ್ಟು, ಕೀಬೋರ್ಡ್ ಮೌಸ್ ಮಾತ್ರ ಉಳಿಸಿ ಮತ್ತೆ ಪ್ರಯತ್ನಿಸಿ. ನೆಟ್ ಡಾಂಗಲ್ಲಿನಲ್ಲೇ ಬರುವುದಾದರೆ ಡೌನ್‌ಲೋಡ್ ಮುಗಿದ ಮೇಲೆ ಕೀಳಿ. ಹಳೆಯ ಡ್ರೈವರುಗಳು ಈ ಹಂತದಲ್ಲೇ ಅಡ್ಡ ಬರುತ್ತವೆ. ಇನ್ನೊಂದು ಅಭ್ಯಾಸ ಬಿಡಬೇಕು: ದಿನವೂ ‘ಷಟ್ ಡೌನ್’ ಮಾತ್ರ ಮಾಡುವುದು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದಿಂದಾಗಿ ಬರೀ ಷಟ್ ಡೌನ್ ಮಾಡಿದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧಕ್ಕೆ ನಿಂತ ಅಪ್‌ಡೇಟ್ ಹಾಗೇ ಉಳಿದು ಹೊಸದಕ್ಕೂ ತಡೆಯಾಗುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಪೂರ್ತಿ ಮುಚ್ಚಿ ತೆರೆಯುತ್ತದೆ.

ತಿಂಗಳ ಮುಖ್ಯ ಅಪ್‌ಡೇಟ್ ಬರುವುದು ಆ ತಿಂಗಳ ಎರಡನೇ ಮಂಗಳವಾರ, ಅಮೆರಿಕದಲ್ಲಿ ಬೆಳಿಗ್ಗೆ ಆಗಿರುವಾಗ. ನಮ್ಮಲ್ಲಿ ಆಗ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅಂದರೆ ಬುಧವಾರ ಅಂಗಡಿ ತೆರೆದ ಕೂಡಲೇ ಅದು ಕಾದಿರುತ್ತದೆ. ಅರ್ಜಿ ಹಾಕಲು ಜನ ಸಾಲುಗಟ್ಟಿ ನಿಂತಾಗ ಅದನ್ನು ಶುರು ಮಾಡಿ ಅರ್ಧಕ್ಕೆ ಬಿಡುವುದಕ್ಕಿಂತ, ‘ಪಾಜ್’ ಗುಂಡಿಯಿಂದ ಒಂದು ವಾರ ಮುಂದೂಡಿ ರಜೆಯ ದಿನ ಮಾಡುವುದು ಒಳ್ಳೆಯದು.

ಫಾರ್ಮ್ಯಾಟ್ ಇಲ್ಲದೆ ಹೊಸ ವಿಂಡೋಸ್

ಮೇಲಿನ ಯಾವುದೂ ಫಲಿಸದಿದ್ದರೆ ಕೊನೆಯ ಉಪಾಯ ಇದು, ರಿಪೇರಿಯವರು ಹೇಳಲು ಮರೆಯುವ ಉಪಾಯವೂ ಇದೇ. ಚಾಲೂ ಇರುವ ವಿಂಡೋಸಿನ ಮೇಲೇ ಹೊಸ ವಿಂಡೋಸನ್ನು ಹಾಕಬಹುದು. ಫೈಲು, ಪ್ರೋಗ್ರಾಂ, ನುಡಿ, ಟ್ಯಾಲಿ, ಫಾಂಟ್ ಎಲ್ಲ ಇದ್ದಲ್ಲೇ ಇರುತ್ತವೆ. ಕೆಟ್ಟ ಸಿಸ್ಟಂ ಫೈಲುಗಳು ಮಾತ್ರ ಬದಲಾಗುತ್ತವೆ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಇದಕ್ಕೆ ಗುಂಡಿಯೇ ಇದೆ: ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ಅಲ್ಲಿ ‘ವಿಂಡೋಸ್ ಅಪ್‌ಡೇಟ್ ಬಳಸಿ ಸಮಸ್ಯೆ ಸರಿಪಡಿಸು’ ಎಂಬರ್ಥದ ಸಾಲು. ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟಿನ ತಾಣದಿಂದ ನಾಲ್ಕೈದು ಜಿಬಿಯ ಐಎಸ್‌ಒ ಫೈಲ್ ಇಳಿಸಿಕೊಂಡು, ಎರಡು ಸಲ ಒತ್ತಿ ತೆರೆದು, ಒಳಗಿನ ‘ಸೆಟಪ್’ ಓಡಿಸಬೇಕು. ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ ಈ ಸೌಲಭ್ಯ ಇಲ್ಲ, ಒಳಗಿನಿಂದಲೇ ಓಡಿಸಬೇಕು. ಮುಂದೆ ಬರುವ ಪುಟದಲ್ಲಿ ‘ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್’ ಆಯ್ಕೆಯಾಗಿದೆಯೇ ನೋಡಿ. ಅದು ಮಸುಕಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಬಹುತೇಕ ಭಾಷೆ ಹೊಂದಿಲ್ಲ: ನಿಮ್ಮದು ಅಮೆರಿಕದ ಇಂಗ್ಲಿಷ್ ವಿಂಡೋಸ್ ಆಗಿದ್ದು ಇಳಿಸಿದ್ದು ‘ಇಂಗ್ಲಿಷ್ ಇಂಟರ್‌ನ್ಯಾಷನಲ್’ ಆಗಿದ್ದರೂ ಹೀಗಾಗುತ್ತದೆ. ಸರಿಯಾದ ಭಾಷೆಯದನ್ನು ಇಳಿಸಿ ಮತ್ತೆ ಶುರು ಮಾಡಿ.

ಈ ಕೆಲಸಕ್ಕೆ ಮುನ್ನ ಎರಡು ಮುನ್ನೆಚ್ಚರಿಕೆ ತಪ್ಪಿಸಬೇಡಿ. ಟ್ಯಾಲಿಯ ಡೇಟಾ ಫೋಲ್ಡರ್ ಮತ್ತು ಮುಖ್ಯ ಕಾಗದಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ಲ್ಯಾಪ್‌ಟಾಪ್ ಆದರೆ ಬಿಟ್‌ಲಾಕರ್ ಬೀಗ ಇದೆಯೇ ನೋಡಿ, ಅದರ ರಿಕವರಿ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಡಿ. 48 ಅಂಕಿಯ ಆ ಸಂಖ್ಯೆ ಅಪ್‌ಡೇಟಿನ ನಡುವೆ ಕಂಪ್ಯೂಟರ್ ಕೇಳಿದಾಗ ಕೈಯಲ್ಲಿಲ್ಲದಿದ್ದರೆ ಫೈಲುಗಳು ಮತ್ತೆ ಸಿಗುವುದಿಲ್ಲ.

ವಿಂಡೋಸ್ 10 ಇರುವವರಿಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ‘ಅಪ್‌ಡೇಟ್ ಬರುತ್ತಲೇ ಇಲ್ಲ’ ಎನ್ನುವ ಕೆಲವರ ತೊಂದರೆ ತೊಂದರೆಯೇ ಅಲ್ಲ, ಬರುವುದು ನಿಂತಿದೆ ಅಷ್ಟೆ. 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟುಗಳನ್ನು ಮುಂದುವರಿಸಿಕೊಳ್ಳುವ ವಿಸ್ತರಣಾ ಯೋಜನೆಯನ್ನು ಮೈಕ್ರೋಸಾಫ್ಟ್ ಮನೆಬಳಕೆದಾರರಿಗೂ ಕೊಟ್ಟಿತು. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗುಗಳನ್ನು ಬ್ಯಾಕಪ್ ಮಾಡಿದರೆ ಹಣವಿಲ್ಲದೆಯೂ ಸೇರಬಹುದು. ಕಂಪ್ಯೂಟರ್ 22ಎಚ್2 ಆವೃತ್ತಿಯಲ್ಲಿರಬೇಕು, ಆಗ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಕೊಂಡಿ ಕಾಣುತ್ತದೆ. ಅಪ್‌ಡೇಟ್ ಆಗದೆ ಹಳೆಯ ಆವೃತ್ತಿಯಲ್ಲೇ ಸಿಕ್ಕಿಬಿದ್ದವರು ಮೊದಲು ಮೇಲಿನ ಐಎಸ್‌ಒ ದಾರಿಯಿಂದ 22ಎಚ್2ಕ್ಕೆ ಬರಲಿ.

ವಿಂಡೋಸ್ 11ಕ್ಕೆ ಏರಲು ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನ ಅಥವಾ ಆನಂತರದ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್ ಬೇಕು. ‘ಪಿಸಿ ಹೆಲ್ತ್ ಚೆಕ್’ ಎಂಬ ಮೈಕ್ರೋಸಾಫ್ಟಿನ ಆ್ಯಪ್ ಇದನ್ನು ನೋಡಿ ಹೇಳುತ್ತದೆ. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯಾಸ್‌ನಲ್ಲಿ ಆರಿಸಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಹುಡುಕಿ ಚಾಲೂ ಮಾಡಬಹುದು. ಅರ್ಹತೆ ಇಲ್ಲದ ಯಂತ್ರಕ್ಕೆ ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವವರು ಇದ್ದಾರೆ. ಅಂಥ ಯಂತ್ರಕ್ಕೆ ಅಪ್‌ಡೇಟಿನ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿರುವಾಗ, ನಾಲ್ಕು ಜನರ ಕಾಗದ ಇಡುವ ಕಂಪ್ಯೂಟರಿಗೆ ಅದು ಸಲ್ಲದು. ಅಂಥ ಹಳೆಯ ಯಂತ್ರವನ್ನು ಎಸೆಯಬೇಕಿಲ್ಲ. ಗ್ರಾಹಕರ ಆಧಾರ್, ಪಾಸ್‌ಬುಕ್ ಪ್ರತಿಗಳನ್ನೆಲ್ಲ ಅದರಿಂದ ತೆಗೆದು, ನೆಟ್ ತಂತಿ ಕಿತ್ತು, ನುಡಿಯಲ್ಲಿ ಲಗ್ನಪತ್ರಿಕೆ ಜೋಡಿಸುವುದಕ್ಕೆ, ಪ್ರಿಂಟ್ ತೆಗೆಯುವುದಕ್ಕೆ ಇಟ್ಟುಕೊಳ್ಳಿ. ಬ್ಯಾಂಕು, ಅರ್ಜಿ, ಬೆರಳಚ್ಚಿನ ಕೆಲಸಗಳು ಅಪ್‌ಡೇಟ್ ಬರುವ ಇನ್ನೊಂದು ಯಂತ್ರದಲ್ಲಿ ನಡೆಯಲಿ.